ಕೂಗಿನ ಹಿಂದೆ ಕೂಗು: ಬೆಟ್ಟದ ಮುಸಿಯಗಳನ್ನು ನಾನು ಆಲಿಸುವ ಬಗೆ

ಮಂಗಗಳ ಕೂಗಿಗೆ ಅರ್ಥವಿದೆ ಎಂಬುದನ್ನು ನಮ್ಮ ಕಡೆ ಯಾರೂ ಅಲ್ಲಗಳೆಯುವುದಿಲ್ಲ. ಮುಸಿಯ, ಅಂದರೆ ಕರಿಮುಖದ ಉದ್ದ ಬಾಲದ ಮಂಗ, ಕೂಗುವ ಧಾಟಿ ಕೇಳಿ ಚಿರತೆ ಬಂದಿದೆಯೋ ನಾಯಿ ಬಂದಿದೆಯೋ ಹೇಳುತ್ತೇನೆ ಎನ್ನುವವರು ಊರಿಗೆ ಒಬ್ಬಿಬ್ಬರು ಸಿಗುತ್ತಾರೆ. ನನ್ನನ್ನು ಕಾಡಿದ್ದು ಅದರ ಮುಂದಿನ ಪ್ರಶ್ನೆ. ಎರಡು ಬಗೆಯ ಕೂಗುಗಳನ್ನು ಮಂಗ ಒಂದರ ಬೆನ್ನಿಗೆ ಒಂದರಂತೆ ಕೂಗಿದರೆ, ಆ ಜೋಡಿಗೆ ತನ್ನದೇ ಆದ ಅರ್ಥ ಇರುತ್ತದೆಯೇ? ಇದ್ದರೆ ಅದನ್ನು ತಿಳಿಯುವುದು ಹೇಗೆ?

ನಾನು ಶಿರಸಿ ಸೀಮೆಯ ಅಡಿಕೆ ಬೆಳೆಗಾರ. ತೋಟದ ಮೇಲಿರುವ ಸೊಪ್ಪಿನಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಮುಸಿಯಗಳ ಒಂದು ಗುಂಪು ವರ್ಷವಿಡೀ ಬಂದು ಹೋಗುತ್ತದೆ. ಅವುಗಳ ಕೂಗನ್ನು ರೆಕಾರ್ಡ್ ಮಾಡಿ, ಸಾಲಾಗಿ ಬರೆದಿಟ್ಟು, ಹಿಂದುಮುಂದು ಏನು ನಡೆಯಿತು ಎಂದು ಗುರುತಿಸುವ ಕೆಲಸ ವರ್ಷಗಳಿಂದ ನಡೆದಿದೆ. ಈ ದಾರಿ ನಾನು ಹುಡುಕಿದ್ದಲ್ಲ. ಆಫ್ರಿಕಾದ ಕಾಡುಗಳಲ್ಲಿ ಬೇರೆಯವರು ತೋರಿಸಿಕೊಟ್ಟದ್ದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನೈಜೀರಿಯಾದ ಗಷಾಕಾ ಗುಮ್ಟಿ ರಾಷ್ಟ್ರೀಯ ಉದ್ಯಾನದಲ್ಲಿ ಮೂಗಿನ ಮೇಲೆ ಬಿಳಿ ಮಚ್ಚೆಯಿರುವ ಒಂದು ಜಾತಿಯ ಮಂಗಗಳಿವೆ. ಗುಂಪಿಗೆ ಒಂದೇ ದೊಡ್ಡ ಗಂಡು. ಅದಕ್ಕೆ ಮುಖ್ಯವಾಗಿ ಎರಡು ಜೋರು ಕೂಗು. 'ಪ್ಯಾವ್' ಎಂಬುದು ಚಿರತೆ ಕಂಡಾಗ ಮತ್ತು ನೆಲದ ಮೇಲಿನ ಇತರ ಗಲಿಬಿಲಿಗೆ. 'ಹ್ಯಾಕ್' ಎಂಬುದು ಹೆಚ್ಚಾಗಿ ಕಿರೀಟದ ಹದ್ದಿಗೆ. ಕೇಟ್ ಆರ್ನಾಲ್ಡ್ ಮತ್ತು ಕ್ಲಾಸ್ ಜುಬರ್ಬೂಲರ್ 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿಷಯ ಇದು: ಗಂಡು ಕೆಲವೊಮ್ಮೆ ಒಂದೆರಡು ಪ್ಯಾವ್‌ಗಳ ಬೆನ್ನಿಗೆ ಒಂದೆರಡು ಹ್ಯಾಕ್‌ಗಳನ್ನು ಕೂಗುತ್ತದೆ, ಆಮೇಲೆ ಇಡೀ ಗುಂಪು ಜಾಗ ಬಿಟ್ಟು ಹೊರಡುತ್ತದೆ. ಬೇಟೆಗಾರ ಪ್ರಾಣಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದೇ ಸರಣಿಯನ್ನು ಅಡಗಿಸಿಟ್ಟ ಸ್ಪೀಕರಿನಲ್ಲಿ ಕೇಳಿಸಿದಾಗಲೂ ಹೆಣ್ಣುಗಳು ಹೊರಟವು. 2008ರ ಅವರ ಮುಂದಿನ ಬರಹದಲ್ಲಿ ಇನ್ನೊಂದು ಅಂಶ ಸೇರಿತು: ಕೂಗಿದ್ದು ತಮ್ಮ ಗುಂಪಿನ ಗಂಡೋ ಪರಕೀಯನೋ ಎಂಬುದನ್ನೂ ಕೇಳುಗರು ಗುರುತಿಸುತ್ತಾರೆ.

ಇದನ್ನು ಮೊದಲು ಓದಿದಾಗ ನನಗೆ ಕೂಗಿಗಿಂತ ಹೆಚ್ಚು ಹಿಡಿಸಿದ್ದು ತರ್ಕ. ಪ್ಯಾವ್ ಒಂದೇ ಬಂದಾಗ ಏನಾಗುತ್ತದೆ ಗೊತ್ತು. ಹ್ಯಾಕ್ ಒಂದೇ ಬಂದಾಗ ಏನಾಗುತ್ತದೆ ಅದೂ ಗೊತ್ತು. ಜೋಡಿ ಬಂದಾಗ ಇವೆರಡೂ ಅಲ್ಲದ ಮೂರನೆಯದು ಆಗುತ್ತದೆ. ಈ ಮೂರೂ ಕೈಯಲ್ಲಿ ಇಲ್ಲದೆ ಜೋಡಣೆಯ ಮಾತೆತ್ತುವಂತಿಲ್ಲ. ಇಂದಿಗೂ ನನ್ನ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಈ ಮೂರು ಖಾನೆಗಳೇ.

ಐವರಿ ಕೋಸ್ಟ್‌ನ ತಾಈ ಕಾಡಿನ ಕ್ಯಾಂಪ್‌ಬೆಲ್ ಮಂಗಗಳ ಕತೆ ಇನ್ನೂ ದಟ್ಟವಾದದ್ದು. ಕರೀಂ ಊವತಾರಾ, ಆಲ್ಬಾನ್ ಲೆಮಾಸೊಂ ಮತ್ತು ಜುಬರ್ಬೂಲರ್ 2009ರಲ್ಲಿ ತೋರಿಸಿದಂತೆ, ಅಲ್ಲಿನ ಗಂಡು 'ಕ್ರಾಕ್' ಎಂದರೆ ಚಿರತೆ, 'ಹೋಕ್' ಎಂದರೆ ಹದ್ದು. ಇವೇ ಕೂಗುಗಳ ತುದಿಗೆ 'ಊ' ಎಂಬ ಪುಟ್ಟ ಬಾಲ ಸೇರಿದರೆ ಅರ್ಥ ಸಡಿಲವಾಗುತ್ತದೆ. 'ಕ್ರಾಕ್-ಊ' ಎಂಬುದು ಯಾವುದೇ ಗಲಿಬಿಲಿಗೆ, 'ಹೋಕ್-ಊ' ಎಂಬುದು ಮರದ ಮೇಲ್ಭಾಗದ ಗಲಿಬಿಲಿಗೆ. ಇದಲ್ಲದೆ 'ಬೂಮ್' ಎಂಬ ತೀರ ತಗ್ಗಿದ ದನಿಯ ಕೂಗು ಜೋಡಿಯಾಗಿ ಬರುತ್ತದೆ. ಬೂಮ್ ಜೋಡಿಯ ಬೆನ್ನಿಗೆ ಕ್ರಾಕ್-ಊಗಳು ಬಂದರೆ ಮರವೋ ಕೊಂಬೆಯೋ ಮುರಿದು ಬೀಳುತ್ತಿದೆ ಎಂದು. ಅದೇ ಸರಣಿಗೆ ಹೋಕ್-ಊಗಳೂ ಸೇರಿಕೊಂಡರೆ ಪಕ್ಕದ ಗುಂಪಿನ ಮಂಗಗಳು ಎದುರಾಗಿವೆ ಎಂದು. ಅದೇ ಕಾಡಿನಲ್ಲಿ ವಾಸಿಸುವ ಡಯಾನಾ ಮಂಗಗಳೂ ಇದನ್ನು ಬಲ್ಲವು. ಜುಬರ್ಬೂಲರ್ 2002ರಲ್ಲೇ ಪರೀಕ್ಷಿಸಿದ್ದರು: ಕ್ಯಾಂಪ್‌ಬೆಲ್ ಮಂಗದ ಅಪಾಯದ ಕೂಗನ್ನು ಹಾಗೆಯೇ ಕೇಳಿಸಿದರೆ ಡಯಾನಾ ಮಂಗಗಳು ತಾವೂ ಎಚ್ಚರಿಕೆ ಕೂಗುತ್ತವೆ, ಮೊದಲು ಬೂಮ್ ಕೇಳಿಸಿ ಆಮೇಲೆ ಅದೇ ಅಪಾಯದ ಕೂಗು ಬಂದರೆ ಸುಮ್ಮನಿರುತ್ತವೆ. 2015ರಲ್ಲಿ ಸಂಶೋಧಕರು ಕೂಗಿನ 'ಊ' ಬಾಲವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಇಲ್ಲದ ಕಡೆ ಅಂಟಿಸಿ ಕೇಳಿಸಿದರು. ಬಾಲವಿಲ್ಲದ ಕೂಗಿಗೇ ಡಯಾನಾಗಳು ಹೆಚ್ಚು ಕಳವಳಗೊಂಡವು.

ಎರಡು ಕಾಡುಗಳ ಈ ಎರಡು ಉದಾಹರಣೆಗಳನ್ನು ಒಂದೇ ತಕ್ಕಡಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕ್ರಾಕ್-ಊ ಎಂಬುದರಲ್ಲಿ ಕ್ರಾಕ್ ತನ್ನ ಅರ್ಥವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ, ಅಪಾಯದ ಛಾಯೆ ಉಳಿದಿದೆ. ಪ್ಯಾವ್-ಹ್ಯಾಕ್‌ನಲ್ಲಿ ಚಿರತೆಯೂ ಇಲ್ಲ, ಹದ್ದೂ ಇಲ್ಲ. ನಾವು 'ಕೈ ಕೊಟ್ಟ' ಎಂದಾಗ ಕೈಯೂ ಇಲ್ಲ, ಕೊಡುವುದೂ ಇಲ್ಲವಲ್ಲ, ಹಾಗೆ. ಆರ್ನಾಲ್ಡ್ ಮತ್ತು ಜುಬರ್ಬೂಲರ್ ಅವರೇ 2012ರಲ್ಲಿ ಪ್ಯಾವ್-ಹ್ಯಾಕ್ ನುಡಿಗಟ್ಟಿನಂಥದ್ದು ಎಂಬ ಕಡೆಗೆ ವಾಲಿದರು. ಭಾಷಾಶಾಸ್ತ್ರಜ್ಞರು ಇದಕ್ಕೆ ಬೇರೆ ವಿವರಣೆಗಳನ್ನೂ ಮುಂದಿಟ್ಟಿದ್ದಾರೆ. ನನ್ನಂಥವನಿಗೆ ಇದರಿಂದ ಸಿಕ್ಕ ಪಾಠ ಬಹಳ ಪ್ರಾಯೋಗಿಕವಾದದ್ದು. ಜೋಡಿ ಕೇಳಿದೊಡನೆ ಬಿಡಿ ಕೂಗುಗಳ ಅರ್ಥವನ್ನು ಕೂಡಿಸಿ ಉತ್ತರ ಹೇಳಹೋಗಬಾರದು.

ಇನ್ನು ಬೆಟ್ಟದ ಕೆಲಸಕ್ಕೆ ಬರುತ್ತೇನೆ. ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ವಿಷಯ ಬಿಟ್ಟು. ಒಂದು, ಗುಂಡಿ ಒತ್ತುವ ಮೊದಲಿನ ಒಂದೆರಡು ಸೆಕೆಂಡುಗಳನ್ನೂ ಹಿಡಿದಿಡುವ ಸೌಲಭ್ಯ ರೆಕಾರ್ಡರಿನಲ್ಲಿ ಇರಲೇಬೇಕು. ಬಿಡಿ ಕೂಗು ಬೇಕಾದವರಿಗೆ ಇದು ಅಷ್ಟು ಮುಖ್ಯವಲ್ಲ. ಸರಣಿ ಬೇಕಾದವರಿಗೆ ಇದೇ ಪ್ರಾಣ. ನಾವು ಗುಂಡಿ ಒತ್ತುವುದು ಮೊದಲ ಕೂಗು ಕೇಳಿದ ಮೇಲೆ. ಆ ಹೊತ್ತಿಗೆ ಮೊದಲ ಕೂಗು ಹೋಗಿಯಾಗಿರುತ್ತದೆ. ತಾಈ ಕಾಡಿನಲ್ಲಿ ಆರಂಭದ ಬೂಮ್ ತಪ್ಪಿಹೋಗಿದ್ದರೆ ಆ ಇಡೀ ಸಂಶೋಧನೆಯೇ ಇಲ್ಲ. ಎರಡು, ಗಾಳಿಯ ಗುಂಯ್‌ಗುಡುವಿಕೆ ತಡೆಯಲು ಯಂತ್ರದಲ್ಲಿರುವ ತಗ್ಗುದನಿ ಕತ್ತರಿಸುವ ಗುಂಡಿಯನ್ನು ನಾನು ಮುಟ್ಟುವುದಿಲ್ಲ. ಮೈಕಿಗೆ ಉಣ್ಣೆಯ ಮುಸುಕು ಹಾಕುತ್ತೇನೆ, ಉಳಿದ ಗಾಳಿಯನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಸೋಸುತ್ತೇನೆ. ಮುಸಿಯದ ದೊಡ್ಡ ಗಂಡಿನ 'ಹೂಪ್' ತಗ್ಗುದನಿಯದು. ಬೆಟ್ಟದಲ್ಲಿ ಕತ್ತರಿಸಿ ಬಂದದ್ದನ್ನು ಮನೆಯಲ್ಲಿ ಮತ್ತೆ ಹುಟ್ಟಿಸಲಾಗದು. ಬೇಸಿಗೆಯಲ್ಲಿ ಜೀರುಂಡೆಗಳ ಗದ್ದಲ ಕಿವಿ ತುಂಬಿದರೂ ಅದು ಏರುದನಿಯದು, ಹೂಪ್‌ಗೆ ಅಷ್ಟು ಅಡ್ಡ ಬರುವುದಿಲ್ಲ. ರೆಕಾರ್ಡಿಂಗ್ ಮುಗಿದೊಡನೆ ಯಂತ್ರ ನಿಲ್ಲಿಸದೆ ಮೆಲುದನಿಯಲ್ಲಿ ಹೇಳುತ್ತೇನೆ: ಯಾರು ಕೂಗಿದ್ದು, ಎಷ್ಟು ದೂರ, ಯಾವ ಮರ, ಕೂಗುವ ಮೊದಲು ಏನು ನಡೆಯುತ್ತಿತ್ತು, ಆಮೇಲೆ ಉಳಿದವು ಏನು ಮಾಡಿದವು. ಕಡತದಲ್ಲೇ ಮಾತು ಇದ್ದರೆ ಬೇರೆ ಚೀಟಿ ಕಳೆದುಹೋಗುವ ಭಯವಿಲ್ಲ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಉಣುಗುಗಳಿಂದ ಹರಡುವ ಈ ರೋಗ ಮುಸಿಯಗಳನ್ನೂ ಕೋತಿಗಳನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ನಾನು ತರಗೆಲೆಯ ಮೇಲೆ ಕೂರುವುದಿಲ್ಲ, ಬಂಡೆಯ ಮೇಲೋ ಮಡಚುವ ಸ್ಟೂಲಿನ ಮೇಲೋ ಕೂರುತ್ತೇನೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇನೆ. ಮಂಗಗಳನ್ನು ಪ್ರೀತಿಸುವವರು ಇದನ್ನು ಹಗುರವಾಗಿ ಕಾಣಬಾರದು.

ಕೂಗುಗಳಿಗೆ ಹೆಸರಿಡುವಾಗ ಅರ್ಥವನ್ನು ಹೆಸರಿನೊಳಗೆ ತೂರಿಸಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. 'ಚಿರತೆ ಕೂಗು' ಎಂದು ಬರೆದ ಕ್ಷಣ ಎಲ್ಲದರ ಹಿಂದೆಯೂ ಚಿರತೆಯೇ ಕಾಣಿಸತೊಡಗುತ್ತದೆ. ನಾನು ಕೇಳಿದ ದನಿಯನ್ನೇ ಬರೆಯುತ್ತೇನೆ. ದೊಡ್ಡ ಗಂಡಿನ ದೂರ ಸಾಗುವ ಹೂಪ್‌ಗೆ 'ಹೂ'. ಕೆಮ್ಮಿದಂತೆ ಒಡೆದು ಬರುವ ಒರಟು ಕೂಗಿಗೆ 'ಖ'. ಹಲ್ಲು ಮಸೆಯುವ ಸದ್ದಿಗೆ 'ಮ'. ಮರಿಗಳ, ಹೆಣ್ಣುಗಳ ಸಣ್ಣ ದನಿಗಳಿಗೆ ಬೇರೆ ಗುರುತುಗಳಿವೆ, ಅವು ಇಲ್ಲಿ ಬೇಡ. ಧ್ವನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ 'ಹೂ' ಕೆಳಗಡೆ ಬಾಗಿದ ದಪ್ಪ ಗೆರೆಯಾಗಿ ಕಾಣುತ್ತದೆ, 'ಖ' ಕೆಳಗಿನಿಂದ ಮೇಲಿನವರೆಗೆ ಎದ್ದ ಮಸುಕು ಗೋಡೆಯಾಗಿ. ಆಡಾಸಿಟಿಯಂಥ ಉಚಿತ ತಂತ್ರಾಂಶವೇ ಇದಕ್ಕೆ ಸಾಕು. ಆದರೂ ನನ್ನ ಕಣ್ಣೊಂದನ್ನೇ ನಾನು ನಂಬುವುದಿಲ್ಲ. ತಮ್ಮನ ಮಗಳಿಗೆ ತುಣುಕುಗಳನ್ನಷ್ಟೇ ಕೊಡುತ್ತೇನೆ. ಯಾವಾಗಿನದು, ಯಾಕೆ ಕೂಗಿದ್ದು, ಒಂದೂ ಹೇಳುವುದಿಲ್ಲ. ಅವಳು ಗುರುತು ಹಾಕಿದ್ದೂ ನಾನು ಹಾಕಿದ್ದೂ ಹೊಂದದ ಕೂಗನ್ನು ಲೆಕ್ಕದಿಂದ ಕೈಬಿಡುತ್ತೇವೆ. "ದೊಡ್ಡಪ್ಪ, ಇದು ಹೂ ಅಲ್ಲ, ನೀವು ನಾಯಿಯನ್ನು ನೋಡಿದ್ದರಿಂದ ಹಾಗೆ ಕೇಳಿಸುತ್ತಿದೆ" ಎಂದು ಒಮ್ಮೆ ಅವಳು ಹೇಳಿದ್ದು ಈ ಕೆಲಸದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಟೀಕೆ.

ಸರಣಿ ಎಲ್ಲಿ ಮುಗಿಯುತ್ತದೆ, ಎಲ್ಲಿ ಇನ್ನೊಂದು ಶುರುವಾಗುತ್ತದೆ? ಇದನ್ನು ಊಹೆಯಿಂದ ತೀರ್ಮಾನಿಸಿದರೆ ಮುಂದಿನದೆಲ್ಲ ಅಲುಗಾಡುತ್ತದೆ. ಒಂದು ಕೂಗು ಮುಗಿದು ಮುಂದಿನದು ಶುರುವಾಗುವವರೆಗಿನ ಮೌನವನ್ನು ಅಳೆದು, ಎಲ್ಲ ಮೌನಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೋಡುತ್ತೇನೆ. ಚಿಕ್ಕ ಮೌನಗಳು ಒಂದು ಕಡೆ ಗುಂಪಾಗುತ್ತವೆ, ದೀರ್ಘ ಮೌನಗಳು ಇನ್ನೊಂದು ಕಡೆ. ನಡುವೆ ತೀರ ಕಡಿಮೆ ಮೌನಗಳಿರುವ ಒಂದು ಖಾಲಿ ಜಾಗ ಸಿಗುತ್ತದೆ. ಗಡಿ ಅಲ್ಲಿ. ಮಂಗವೇ ಹಾಕಿಕೊಟ್ಟ ಗಡಿಯದು, ನನ್ನದಲ್ಲ.

ಒಂದು ಕಡತವನ್ನು ಹತ್ತಿರದಿಂದ ತೋರಿಸುತ್ತೇನೆ. ಡಿಸೆಂಬರ್ ತಿಂಗಳ ಬೆಳಗು, ಬೆಟ್ಟದ ತುದಿಯಲ್ಲಿ ಮತ್ತಿ ಮರದ ಮೇಲೆ ದೊಡ್ಡ ಗಂಡು, ಕೆಳಗೆ ಕಿಂದಳ ಮರದಲ್ಲಿ ಹೆಣ್ಣುಗಳು ಮತ್ತು ಮರಿಗಳು ಚಿಗುರು ತಿನ್ನುತ್ತಿವೆ. ಅಡಿಕೆ ಕೊಯ್ಲಿನವರ ಜೊತೆ ಬಂದ ಎರಡು ನಾಯಿಗಳು ಸೊಪ್ಪು ಕಡಿದ ದಾರಿಯಲ್ಲಿ ಮೇಲೆ ಹತ್ತುತ್ತವೆ. ಕಡತದಲ್ಲಿ ಮೊದಲು ಎರಡು 'ಖ'. ಕೂಡಲೇ ಎಲೆಗಳ ಸರಸರ: ಹೆಣ್ಣುಗಳು ಮೇಲಿನ ಕೊಂಬೆಗೆ ಏರಿ ಕೆಳಗೆ ನೋಡುತ್ತವೆ. ಮತ್ತೆ 'ಖ', ಮತ್ತೆ 'ಖ'. ನಾಯಿಗಳು ತಿರುಗಿ ತೋಟದ ಕಡೆ ಇಳಿಯುತ್ತವೆ. ಆಗ ಗಂಡು ಕೊಂಬೆಯಿಂದ ಕೊಂಬೆಗೆ ದಡದಡನೆ ಹಾರುತ್ತದೆ. ಒಣ ಟೊಂಗೆಯೊಂದು ಮುರಿದ ಸದ್ದು, ಬೆನ್ನಿಗೆ 'ಹೂ' ಗಳ ಮಾಲೆ, ಕೊನೆಗೆ ಹಲ್ಲು ಮಸೆಯುವ 'ಮ'. ಬರೆದರೆ ಹೀಗೆ: ಖ-ಖ-ಖ-ಖ-ಹೂ-ಹೂ-ಹೂ-ಮ. ಸ್ವಲ್ಪ ಹೊತ್ತಿನಲ್ಲಿ ಇಡೀ ಗುಂಪು ಬೆಟ್ಟದ ಆಚೆ ಬದಿಗೆ ಹೊರಡುತ್ತದೆ.

ಕೇಳಿದವರಿಗೆ ಎದೆ ಹಿಗ್ಗುವ ಕಡತ. ಅಪಾಯದ ಕೂಗು, ಬೆನ್ನಿಗೆ ಹೂಪ್, ಆಮೇಲೆ ಪ್ರಯಾಣ: ನಮ್ಮ ಬೆಟ್ಟದಲ್ಲೂ ಪ್ಯಾವ್-ಹ್ಯಾಕ್! ಆದರೆ ಮೂರು ಖಾನೆಗಳನ್ನು ತುಂಬುತ್ತ ಹೋದಾಗ ಚಿತ್ರ ಬದಲಾಯಿತು. 'ಖ' ಒಂದೇ ಬಂದ ಸಂದರ್ಭಗಳಲ್ಲಿ ಗುಂಪು ಮರ ಏರಿ ನಿಲ್ಲುತ್ತದೆ. 'ಹೂ' ಒಂದೇ ಬಂದ ಸಂದರ್ಭಗಳಲ್ಲಿ, ಅಂದರೆ ಹೆಚ್ಚಾಗಿ ಬೆಳಗಿನ ಹೊತ್ತು ಅಥವಾ ಪಕ್ಕದ ಗುಂಪಿನ ಗಂಡು ಕೂಗಿದಾಗ, ಗುಂಪು ಹೊರಡುವುದೂ ಉಂಟು, ಹೊರಡದೇ ಇರುವುದೂ ಉಂಟು. 'ಖ-ಹೂ' ಬಂದಾಗಲೂ ಹಾಗೆಯೇ. ಜೋಡಿಯಿಂದ ಮೂರನೆಯದೇನೂ ಹುಟ್ಟುತ್ತಿಲ್ಲ. ಇನ್ನೂ ಮುಖ್ಯವಾದದ್ದು, ಖದಿಂದ ಹೂಗೆ ಹೊರಳುವ ಕ್ಷಣ ನನ್ನ ಕಡತಗಳಲ್ಲಿ ಹೆಚ್ಚಿನ ಸಲ ನಾಯಿ ಬೆನ್ನು ತಿರುಗಿಸಿದ ಕ್ಷಣವೇ. ಅಂದರೆ ಸರಣಿಯ ಕ್ರಮ ಘಟನೆಯ ಕ್ರಮವನ್ನೇ ಹಿಂಬಾಲಿಸುತ್ತಿದೆ. ಮೊದಲು ಅಪಾಯ ಇತ್ತು, ಅದಕ್ಕೆ ಒಂದು ಕೂಗು. ಆಮೇಲೆ ಅಪಾಯ ಸರಿಯಿತು, ಗಂಡಿನ ಆವೇಶ ಬೇರೆ ರೂಪ ತಾಳಿತು, ಅದಕ್ಕೆ ಇನ್ನೊಂದು ಕೂಗು. ಇವು ಅಕ್ಕಪಕ್ಕ ನಿಂತ ಎರಡು ಮಾತುಗಳು, ಕೂಡಿ ಆದ ಒಂದು ಮಾತಲ್ಲ.

ನನಗೆ ಇದು ನಿರಾಸೆಯ ಉತ್ತರ ಅಲ್ಲವೇ ಅಲ್ಲ. ಮಂಗ ಎರಡು ಕೂಗುಗಳನ್ನು ಸಾಲಾಗಿ ಕೂಗಿತೆಂದ ಮಾತ್ರಕ್ಕೆ ವ್ಯಾಕರಣ ಸಿಕ್ಕಿತು ಎಂದು ಸಾರುವ ಉತ್ಸಾಹ ಈಗ ಎಲ್ಲೆಲ್ಲೂ ಕಾಣುತ್ತಿದೆ. ಮೊಬೈಲಿನಲ್ಲಿ ಅಂಥ ವಿಡಿಯೊಗಳಿಗೆ ಕೊನೆಯಿಲ್ಲ. ಗಷಾಕಾದ ಕೆಲಸ ಯಾಕೆ ಗಟ್ಟಿ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ನನ್ನದೇ ಕಡತ ಆ ಪರೀಕ್ಷೆಯಲ್ಲಿ ನಿಲ್ಲದಿದ್ದಾಗ. ಅಲ್ಲಿ ಕಾರಣ ಯಾವುದೇ ಇರಲಿ, ಆ ಜೋಡಿ ಬಂದರೆ ಗುಂಪು ನಡೆಯುತ್ತದೆ. ಸ್ಪೀಕರಿನಿಂದ ಬಂದರೂ ನಡೆಯುತ್ತದೆ. ಆಗ ಅರ್ಥ ಇರುವುದು ಜೋಡಿಯಲ್ಲೇ ಎಂದು ಹೇಳಬಹುದು.

ಕ್ರಮ ಆಕಸ್ಮಿಕವೋ ಅಲ್ಲವೋ ಎಂದು ನೋಡಲು ಒಂದು ಸರಳ ಉಪಾಯವಿದೆ. ಪ್ರತಿ ಸರಣಿಯ ಅಕ್ಷರಗಳನ್ನು ಕಂಪ್ಯೂಟರಿಗೆ ಕೊಟ್ಟು, ಸರಣಿಯೊಳಗೇ ಅವುಗಳನ್ನು ಸಾವಿರಾರು ಬಾರಿ ಕಲಸುವಂತೆ ಹೇಳುವುದು. ಕಲಸಿದ ಸರಣಿಗಳಲ್ಲಿ 'ಖ'ದ ಬೆನ್ನಿಗೆ 'ಹೂ' ಎಷ್ಟು ಸಲ ಬರುತ್ತದೆ, ನಿಜವಾದದ್ದರಲ್ಲಿ ಎಷ್ಟು ಸಲ ಬಂದಿದೆ ಎಂದು ಹೋಲಿಸಿದರೆ ಕ್ರಮದ ಬಲ ತಿಳಿಯುತ್ತದೆ. ಆದರೆ ಕ್ರಮ ಇದೆ ಎಂಬುದು ಅರ್ಥ ಇದೆ ಎಂಬುದಕ್ಕೆ ಸಮವಲ್ಲ. ಹಾಗೆಯೇ, ಒಂದೇ ಗಂಡಿನ ನೂರಾರು ಕೂಗುಗಳಿದ್ದರೂ ಅದು ಒಂದೇ ಗಂಡು. ನಮ್ಮ ಬೆಟ್ಟದ ಗಂಡಿನ ಖಾಸಗಿ ಅಭ್ಯಾಸವನ್ನು ಮುಸಿಯ ಜಾತಿಯ ನಿಯಮ ಎನ್ನಲಾಗದು. ಈ ಕಾರಣಕ್ಕೇ ಕಿವಿಯ ಹರಕು, ಬಾಲದ ಬಾಗು, ಗಾಯದ ಗುರುತು ನೋಡಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಗುರುತಿಟ್ಟುಕೊಳ್ಳುವುದಕ್ಕೆ ನಾನು ರೆಕಾರ್ಡಿಂಗ್‌ನಷ್ಟೇ ಸಮಯ ಕೊಡುತ್ತೇನೆ.

ಈ ಕೆಲಸ ನನ್ನ ನೋಟದ ದಿಕ್ಕನ್ನೇ ಬದಲಿಸಿತು. ಈಗ ಕೂಗುವ ಗಂಡಿನ ಕಡೆ ನಾನು ಕಣ್ಣು ಹಾಯಿಸುವುದು ಕಡಿಮೆ, ಅದನ್ನು ಮೈಕ್ ನೋಡಿಕೊಳ್ಳುತ್ತದೆ. ನನ್ನ ಕಣ್ಣು ಕೇಳುತ್ತಿರುವ ಹೆಣ್ಣುಗಳ ಮೇಲೆ. ಮರಿಯನ್ನು ಹೊಟ್ಟೆಗೆ ಅವಚಿಕೊಂಡಳೇ, ತಿನ್ನುವುದನ್ನು ನಿಲ್ಲಿಸಿದಳೇ, ತಲೆ ಮೇಲೆತ್ತಿದಳೇ, ಕೆಳಗೆ ಬಾಗಿದಳೇ, ಏನೂ ಆಗದಂತೆ ಚಿಗುರು ಮುರಿಯುತ್ತಲೇ ಇದ್ದಾಳೇ. ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಮಂಗಗಳ ಮೇಲೆ ಸೇಫರ್ತ್, ಚೆನಿ ಮತ್ತು ಮಾರ್ಲರ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದ ದಾರಿ ಇದೇ. ಚಿರತೆಯ ಕೂಗು ಕೇಳಿಸಿದರೆ ಮರಕ್ಕೆ, ಹದ್ದಿನದಕ್ಕೆ ಮೇಲೆ ನೋಟ, ಹಾವಿನದಕ್ಕೆ ಎರಡು ಕಾಲ ಮೇಲೆ ನಿಂತು ನೆಲದ ಹುಡುಕಾಟ. ಮಂಗದ ಕೂಗಿನ ಅರ್ಥಕ್ಕೆ ಕೇಳುಗರಿಗಿಂತ ನಂಬಿಕಸ್ಥ ಸಾಕ್ಷಿ ಬೇರೆ ಇಲ್ಲ.

ರೆಕಾರ್ಡ್ ಮಾಡಿದ್ದನ್ನು ಮುಸಿಯಗಳಿಗೆ ವಾಪಸ್ ಕೇಳಿಸಿ ನೋಡಿ ಎಂದು ಹಲವರು ಹೇಳುತ್ತಾರೆ. ನಾನು ಅದನ್ನು ಮಾಡುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ, ತಜ್ಞರ ಮೇಲ್ವಿಚಾರಣೆ, ಸಹಜ ಕೂಗಿನಷ್ಟೇ ಗಟ್ಟಿಯಾದ ದನಿ, ಗಂಡು ನಿಜವಾಗಿ ಇರಬಹುದಾದ ದಿಕ್ಕಿನಲ್ಲಿ ಅಡಗಿಸಿದ ಸ್ಪೀಕರ್, ಹೋಲಿಕೆಗೆ ಬೇರೆ ಸದ್ದು, ಪ್ರಯೋಗಗಳ ನಡುವೆ ದೀರ್ಘ ಬಿಡುವು, ಇವೆಲ್ಲ ಬೇಕು. ಸುಳ್ಳು ಎಚ್ಚರಿಕೆಯನ್ನು ಮತ್ತೆ ಮತ್ತೆ ಕೇಳಿಸಿದರೆ ನಿಜವಾದ ಚಿರತೆ ಬಂದ ದಿನ ಮರಿಯೊಂದು ಅರೆಕ್ಷಣ ತಡ ಮಾಡೀತು. ಸ್ಪೀಕರ್ ಇಲ್ಲದೆ ಆಗುವ ಕೆಲಸ ಇನ್ನೂ ಬೇಕಾದಷ್ಟಿದೆ.

ಜೋಡಣೆ ಎಂದರೆ ಕೂಗಿಗೆ ಕೂಗೇ ಸೇರಬೇಕೆಂದೂ ಇಲ್ಲ. ಬಂಡೀಪುರದ ಕೋತಿಗಳ ಮೇಲೆ ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ ಮತ್ತು ಅನಿಂದ್ಯ ಸಿನ್ಹಾ 2018ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನನ್ನು ತೋಟದ ಕೋತಿಗಳ ಕಡೆಗೂ ತಿರುಗಿಸಿತು. ಮನುಷ್ಯರ ಬಳಿ ತಿಂಡಿ ಬೇಡುವಾಗ ಅಲ್ಲಿನ ಕೋತಿಗಳು 'ಕೂ' ಎಂಬ ದನಿ ಮಾಡುತ್ತವೆ, ಕೈಯನ್ನೂ ಚಾಚುತ್ತವೆ, ಎದುರಿನ ಮನುಷ್ಯ ತಮ್ಮ ಕಡೆ ಗಮನ ಕೊಡುತ್ತಿದ್ದಾನೆಯೇ ಎಂದೂ ನೋಡಿಕೊಳ್ಳುತ್ತವೆ. ಈಗ ನಾನು ದನಿಯ ಜೊತೆ ಮೈಯ ಭಂಗಿಗೂ ಒಂದು ಕಾಲಂ ಇಟ್ಟಿದ್ದೇನೆ. ಮತ್ತಿ ಮರದ ಗಂಡು ಹೂ ಎನ್ನುವ ಮೊದಲು ಕೊಂಬೆ ಕುಲುಕಿದ್ದೂ ಸರಣಿಯ ಭಾಗವೇ ಎಂದು ಎಣಿಸಿ ಹಳೆಯ ಕಡತಗಳಲ್ಲಿ ಮುರಿದ ಟೊಂಗೆಯ, ಎಲೆಯ ಸದ್ದುಗಳನ್ನೂ ಮತ್ತೆ ಗುರುತಿಸುತ್ತಿದ್ದೇವೆ.

ಈಚೆಗೆ ಕೈಗೆತ್ತಿಕೊಂಡದ್ದು ಎರಡು ಗುಂಪುಗಳ ಹೋಲಿಕೆ. ಇದಕ್ಕೂ ಸ್ಫೂರ್ತಿ ಕ್ಯಾಂಪ್‌ಬೆಲ್ ಮಂಗಗಳೇ. ಸಿಯೆರಾ ಲಿಯೋನ್‌ನ ತಿವಾಯಿ ದ್ವೀಪದಲ್ಲಿ ಚಿರತೆಗಳಿಲ್ಲ. ಅಲ್ಲಿನ ಅದೇ ಜಾತಿಯ ಮಂಗಗಳು 'ಕ್ರಾಕ್' ಅನ್ನು ಸಾಮಾನ್ಯ ಎಚ್ಚರಿಕೆಯಾಗಿ ಬಳಸುತ್ತವೆ. ನಮ್ಮ ಬೆಟ್ಟದ ಗುಂಪಿಗೆ ಚಿರತೆಯ ಭಯ ದಿನನಿತ್ಯದ್ದು. ಪೇಟೆಯ ಅಂಚಿನ ದೇವಸ್ಥಾನದ ಬಳಿ ಇರುವ ಇನ್ನೊಂದು ಗುಂಪು ನೋಡುವುದು ನಾಯಿಗಳನ್ನು, ಬೈಕುಗಳನ್ನು, ಪಟಾಕಿಯನ್ನು. ಅಲ್ಲಿಯ ಗಂಡಿನ 'ಖ' ಯಾವುದಕ್ಕೆ ಬರುತ್ತದೆ, ಅದರ ಬೆನ್ನಿಗೆ ಹೂ ಬರುವ ಮೊದಲು ನಾಯಿ ತಿರುಗಲೇಬೇಕೇ, ಅಥವಾ ನಾಯಿ ಅಲ್ಲೇ ನಿಂತಿದ್ದರೂ ಬರುತ್ತದೆಯೇ ಎಂಬುದನ್ನು ಒಂದೇ ನಮೂನೆಯ ಹಾಳೆಯಲ್ಲಿ ಬರೆಯುತ್ತಿದ್ದೇವೆ. ತಮ್ಮನ ಮಗಳು ಪೇಟೆಯ ಕಾಲೇಜಿಗೆ ಹೋಗುವುದರಿಂದ ದೇವಸ್ಥಾನದ ಬದಿ ಅವಳದು, ಬೆಟ್ಟದ ಬದಿ ನನ್ನದು. ತುಣುಕುಗಳಿಗೆ ಗುರುತು ಹಾಕುವಾಗ ಮಾತ್ರ ಅದಲು ಬದಲು ಮಾಡಿಕೊಳ್ಳುತ್ತೇವೆ.